ಶಾಲೆಯ ಸಂತೆಗೆ ಮನೆಮಂದಿಯೆಲ್ಲ ಬನ್ನಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಪೋಷಕರು ಮತ್ತು ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮೈಕ್ ಹಿಡಿದು ನನಗೆ ಅಭ್ಯಾಸವಿಲ್ಲ. ನನ್ನ ಕೆಲಸವೆಲ್ಲ ಕಂಪ್ಯೂಟರ್ ಮುಂದೆ. ಅಲ್ಲಿ ತಪ್ಪು ಬರೆದರೆ ಅಳಿಸಿ ಮತ್ತೆ ಬರೆಯಬಹುದು. ಇಲ್ಲಿ ಆಡಿದ ಮಾತು ಆಡಿದ್ದೇ. ಅದಕ್ಕೇ ಹೇಳಬೇಕಾದ್ದನ್ನು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ. ಎಲ್ಲಾದರೂ ತಡವರಿಸಿದರೆ ದಯವಿಟ್ಟು ಹೊಟ್ಟೆಗೆ ಹಾಕಿಕೊಳ್ಳಿ.

ಮಹೋತ್ಸವ ಸಮಿತಿಯವರು ನನಗೆ ಕೊಟ್ಟಿರುವ ವಿಷಯ ಚಿಕ್ಕದು. ಬರುವ ಸಂಕ್ರಾಂತಿಗೆ ನಮ್ಮ ಶಾಲೆಯಲ್ಲಿ ಎಳ್ಳುಬೆಲ್ಲದ ಪೊಟ್ಟಣ ಮತ್ತು ಬಟ್ಟೆ ಚೀಲಗಳ ಮಾರಾಟ ಇಟ್ಟುಕೊಂಡಿದ್ದೇವೆ. ಉಳಿದ ಹಣದಲ್ಲಿ ಒಂದು ಭಾಗ ಗ್ರಂಥಾಲಯಕ್ಕೆ, ಇನ್ನೊಂದು ಭಾಗ ಶೈಕ್ಷಣಿಕ ಪ್ರವಾಸಕ್ಕೆ ದುಡ್ಡು ಕಟ್ಟಲಾಗದ ಮಕ್ಕಳಿಗೆ. "ಇದಕ್ಕೆ ಮನೆಯವರೂ ಕೈ ಜೋಡಿಸೋ ಹಾಗೆ ನಾಲ್ಕು ಮಾತು ಹೇಳಪ್ಪ" ಎಂದು ಸಮಿತಿಯ ಹಿರಿಯರು ಹೇಳಿದರು. ಸರಿ ಎಂದು ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ಯೋಚನೆಗೆ ಬಿದ್ದೆ. ಶಾಲೆಗಾಗಿ ಮಕ್ಕಳು ಏನನ್ನಾದರೂ ಮಾರುವುದು ಎಂದರೆ ನನ್ನ ನೆನಪಿನಲ್ಲಿ ಒಂದಲ್ಲ, ಎರಡು ಚಿತ್ರಗಳಿವೆ. ಒಂದು ನಾಚಿಕೆಯದು, ಒಂದು ಸಂತೋಷದ್ದು. ಎರಡನ್ನೂ ಹೇಳದೆ ನಿಮ್ಮನ್ನು ಕರೆಯುವುದು ಸರಿಯಲ್ಲ.

ಮೊದಲನೆಯದು ನಾನು ಈ ಶಾಲೆಗೆ ಸೇರುವುದಕ್ಕೆ ಮುಂಚೆ, ಬೇರೊಂದು ಶಾಲೆಯಲ್ಲಿ ಐದನೇ ಕ್ಲಾಸಿನಲ್ಲಿದ್ದಾಗ ನಡೆದದ್ದು. ಯಾವುದೋ ಸಹಾಯ ನಿಧಿಗೆಂದು ನಮಗೆಲ್ಲ ಒಂದೊಂದು ಟಿಕೆಟ್ ಪುಸ್ತಕ ಕೊಟ್ಟರು. ಹತ್ತು ಟಿಕೆಟ್, ಒಂದೊಂದಕ್ಕೆ ಐದು ರೂಪಾಯಿ. ಅದೃಷ್ಟ ಇದ್ದರೆ ಸೈಕಲ್ ಬಹುಮಾನ. ಹದಿನೈದು ದಿನದಲ್ಲಿ ಮಾರಿ ಹಣ ತರಬೇಕು.

ಅಪ್ಪ ಆಟೋ ಓಡಿಸುತ್ತಿದ್ದರು, ಅದೂ ಬಾಡಿಗೆ ಆಟೋ. ಅಮ್ಮ ಮನೆಯಲ್ಲೇ ಊದುಬತ್ತಿ ಹೊಸೆಯುತ್ತಿದ್ದರು. ಸಾವಿರ ಕಡ್ಡಿಗೆ ಇಷ್ಟು ಎಂದು ಕೂಲಿ. ಇಂಥ ಮನೆಯಲ್ಲಿ ಟಿಕೆಟ್ ಪುಸ್ತಕದ ಸುದ್ದಿ ಹೇಗೆ ತೆಗೆಯುವುದು? ನಾನು ಹೇಳಲೇ ಇಲ್ಲ. ಎರಡು ಮನೆಯ ಬಾಗಿಲು ತಟ್ಟಿದೆ. ಒಬ್ಬರು "ಆಮೇಲೆ ಬಾ" ಎಂದರು, ಇನ್ನೊಬ್ಬರು ಬಾಗಿಲೇ ತೆಗೆಯಲಿಲ್ಲ. ಮೂರನೇ ಮನೆಗೆ ಹೋಗಲು ಧೈರ್ಯ ಬರಲಿಲ್ಲ. ಪುಸ್ತಕವನ್ನು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಹದಿನಾರನೇ ದಿನ ಹಣ ತರದವರ ಹೆಸರು ಕೂಗಿ ನಿಲ್ಲಿಸಿದರು. ಐದಾರು ಜನ ನಿಂತೆವು. ನಿಂತವರೆಲ್ಲ ನನ್ನಂಥ ಮನೆಯವರೇ.

ಸಂಜೆ ಪುಸ್ತಕ ಅಮ್ಮನ ಕೈಗೆ ಸಿಕ್ಕಿತು. ಬೈಯಲಿಲ್ಲ. ಸಾಸಿವೆ ಡಬ್ಬಿಯಿಂದ ಹಣ ತೆಗೆದು ಎಣಿಸಿ ಕೊಟ್ಟರು, ಐವತ್ತು ರೂಪಾಯಿ. ಹತ್ತೂ ಟಿಕೆಟ್ ನಮ್ಮ ಮನೆಯಲ್ಲೇ ಉಳಿಯಿತು. ಸೈಕಲ್ ಬರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಅಮ್ಮ ಅವತ್ತು ಆಡಿದ ಒಂದು ಮಾತು ನನಗೆ ಇನ್ನೂ ನೆನಪಿದೆ. "ಮೊದಲೇ ಹೇಳಿದ್ರೆ ನಾನೇ ನಿನ್ನ ಜೊತೆ ನಾಲ್ಕು ಮನೆ ಹತ್ತಿ ಇಳೀತಿದ್ದೆ ಕಣೋ. ದುಡ್ಡಿಗೆ ಮಾತ್ರ ನಾವು ಬೇಕಾ?"

ಈ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಅನಿಸುತ್ತದೆ, ತಪ್ಪು ಟಿಕೆಟ್ಟಿನದಲ್ಲ. ಟಿಕೆಟ್ ಪುಸ್ತಕ ಮಗುವಿನ ಕೈಗೆ ಒಂಟಿಯಾಗಿ ಬಂತು. ಮನೆಗೆ ಬಂದಿದ್ದು ಬಿಲ್ಲು ಮಾತ್ರ.

ಎರಡನೆಯ ಚಿತ್ರ ಇದೇ ಶಾಲೆಯದು, ಇದೇ ಅಂಗಳದ್ದು. ನಾನು ಒಂಬತ್ತನೇ ತರಗತಿ ಬಿ ವಿಭಾಗದಲ್ಲಿದ್ದೆ. ಗಣಿತದ ಮೇಷ್ಟ್ರು ಒಂದು ದಿನ ಬಂದು, "ಲಾಭ-ನಷ್ಟದ ಲೆಕ್ಕ ಬೋರ್ಡಿನ ಮೇಲೆ ಸಾಕು, ಶನಿವಾರ ಅಂಗಳದಲ್ಲಿ ಒಂದು ಸಂತೆ ಮಾಡೋಣ" ಎಂದರು. ಈಗ ರಾಜ್ಯದ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇದನ್ನೇ "ಮಕ್ಕಳ ಸಂತೆ" ಎಂದು ಮಾಡುತ್ತಾರೆ. ಮಕ್ಕಳು ತರಕಾರಿ, ಸೊಪ್ಪು, ಹಣ್ಣು, ಚುರುಮುರಿ ಇಟ್ಟುಕೊಂಡು ಕೂರುತ್ತಾರೆ. ತೂಕ, ಅಳತೆ, ಚಿಲ್ಲರೆ ಎಲ್ಲ ಅಲ್ಲೇ ಕಲಿಯುತ್ತಾರೆ. ನಮ್ಮ ಮೇಷ್ಟ್ರ ಸಂತೆಯಲ್ಲಿ ಎರಡು ಷರತ್ತು ಇದ್ದವು. ಒಂದು, ಬಂಡವಾಳ ಮೇಷ್ಟ್ರದು. ಗುಂಪಿಗೆ ನೂರು ರೂಪಾಯಿ ಕೊಡುತ್ತಾರೆ, ಮಾರಿ ವಾಪಸ್ ಕೊಡಬೇಕು, ಮೇಲುಳಿದದ್ದು ಶಾಲೆಗೆ. ಎರಡು, ಪ್ರತಿ ಗುಂಪಿನ ಜೊತೆ ಮನೆಯ ಒಬ್ಬರಾದರೂ ದೊಡ್ಡವರು ಬಂದು ಕೂರಬೇಕು.

ಅಮ್ಮ ಮೊದಲು ಒಪ್ಪಲಿಲ್ಲ. ಊದುಬತ್ತಿ ಹೊಸೆದೂ ಹೊಸೆದೂ ಅವರ ಕೈ ಕಪ್ಪಾಗಿತ್ತು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. "ಈ ಕೈ ಇಟ್ಕೊಂಡು ಸ್ಕೂಲಿಗೆ ಬರ್ಲಾ?" ಎಂದರು. ಅಲ್ಲಿಯವರೆಗೆ ಅವರು ಶಾಲೆಯ ಗೇಟು ದಾಟಿದವರೇ ಅಲ್ಲ. ಪ್ರಗತಿ ಪತ್ರಕ್ಕೆ ಅಪ್ಪನ ಸಹಿ ಹಾಕಿಸಿಕೊಂಡು ಹೋಗುತ್ತಿದ್ದೆ, ಮುಗಿಯಿತು.

ಆದರೂ ಶನಿವಾರ ಬಂತು. ಅಪ್ಪ ಬೆಳಗಿನ ಜಾವ ಎದ್ದು ಆಟೋದಲ್ಲಿ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ನೂರು ರೂಪಾಯಿಗೆ ಕೊತ್ತಂಬರಿ, ಮೆಂತ್ಯ, ದಂಟು, ಸಬ್ಬಸಿಗೆ ತಂದರು. ಅಮ್ಮ ದೊಡ್ಡ ಕಟ್ಟು ಬಿಚ್ಚಿ, ಹಣ್ಣೆಲೆ ತೆಗೆದು, ಬಾಳೆ ನಾರಿನಲ್ಲಿ ಚಿಕ್ಕ ಚಿಕ್ಕ ಕಟ್ಟು ಕಟ್ಟಿದರು. ತಂಗಿ ನೀರು ಚಿಮುಕಿಸಿದಳು. ನಾನು ಕೂಗುವುದಕ್ಕೆ ನಿಂತೆ. ನಾಲ್ಕು ಜನ ಸೇರಿ ಒಂದು ಕೆಲಸ ಮಾಡಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು ಅಂತ ಕಾಣುತ್ತದೆ.

ಸಂತೆಯಲ್ಲಿ ಮೇಷ್ಟ್ರು ನಮ್ಮ ಗೋಣಿ ತಾಟಿನ ಹತ್ತಿರ ಬಂದು, "ಇಷ್ಟು ಕಟ್ಟಿನಲ್ಲಿ ಇಷ್ಟು ಹೋಗಿದೆ, ಉಳಿದದ್ದನ್ನು ಅರ್ಧ ಬೆಲೆಗೆ ಕೊಟ್ಟರೆ ಎಷ್ಟು ಬರುತ್ತೆ?" ಎಂದು ನನ್ನನ್ನು ಕೇಳಿದರು. ನಾನು ಪೆನ್ನು ಹುಡುಕುತ್ತಿದ್ದೆ. ಅಮ್ಮ ಬೆರಳು ಮಡಿಸಿ ಉತ್ತರ ಹೇಳಿಬಿಟ್ಟರು. ಸಾವಿರಗಟ್ಟಲೆ ಕಡ್ಡಿಯನ್ನು ದಿನಾ ಎಣಿಸುವ ಕೈ ಅದು. ಮೇಷ್ಟ್ರು ನಕ್ಕು, "ನಿಮ್ಮಮ್ಮನ ಹತ್ರ ಟ್ಯೂಷನ್‌ಗೆ ಹೋಗೋ" ಎಂದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಆವತ್ತು ನಮ್ಮ ತಾಟಿನಲ್ಲಿ ಉಳಿದದ್ದು ಅರವತ್ತನಾಲ್ಕು ರೂಪಾಯಿ. ಎಲ್ಲ ಗುಂಪಿನ ಹಣ ಸೇರಿಸಿ ಮೇಷ್ಟ್ರು ದಪ್ಪನೆಯ ಇಂಗ್ಲಿಷ್-ಕನ್ನಡ ನಿಘಂಟು ತಂದರು. ಮೊದಲ ಪುಟದಲ್ಲಿ ಅವರೇ ಬರೆದರು: "9ನೇ ಬಿ ವಿಭಾಗದ ಮನೆಯವರಿಂದ." ವಿದ್ಯಾರ್ಥಿಗಳಿಂದ ಅಲ್ಲ, ಮನೆಯವರಿಂದ.

ಈಗ ನೀವು ಕೇಳಬಹುದು, ಅರವತ್ತನಾಲ್ಕು ರೂಪಾಯಿಯ ಕತೆಯನ್ನು ಇಷ್ಟು ಉದ್ದ ಯಾಕೆ ಹೇಳುತ್ತಿದ್ದೀಯ ಎಂದು. ಕಾರಣ ಇದೆ. ಎಸ್‌ಎಸ್‌ಎಲ್‌ಸಿ ಮುಗಿದಾಗ ಅಪ್ಪ ನನ್ನನ್ನು ಪರಿಚಯದವರ ಗ್ಯಾರೇಜಿಗೆ ಸೇರಿಸಲು ಮಾತಾಡಿ ಬಂದಿದ್ದರು. ಅವರದು ತಪ್ಪೆಂದು ನಾನು ಹೇಳುವುದಿಲ್ಲ, ಮನೆ ಹಾಗಿತ್ತು. ಆವಾಗ ಅಮ್ಮ ಯಾರಿಗೂ ಹೇಳದೆ ಶಾಲೆಗೆ ಹೋಗಿ ಮೇಷ್ಟ್ರನ್ನು ಕೇಳಿದರು, "ಇವನು ಓದ್ತಾನಾ ಸ್ವಾಮಿ? ನಿಜ ಹೇಳಿ." ಮೇಷ್ಟ್ರು ಅಪ್ಪನನ್ನು ಕರೆಸಿ ಪಿಯುಸಿ, ವಿದ್ಯಾರ್ಥಿ ವೇತನ, ಎಲ್ಲ ಬಿಡಿಸಿ ಹೇಳಿದರು. ನಾನು ಬಿ.ಇ. ಓದಿದ್ದು ಆ ಒಂದು ಭೇಟಿಯಿಂದ. ಸೊಪ್ಪಿನ ಸಂತೆ ಆಗದಿದ್ದರೆ ಅಮ್ಮನಿಗೆ ಆ ಗೇಟು ದಾಟುವ ಧೈರ್ಯ ಬರುತ್ತಿರಲಿಲ್ಲ. ಇದನ್ನು ನಾನು ಊಹಿಸಿ ಹೇಳುತ್ತಿಲ್ಲ, ಅವರೇ ಎಷ್ಟೋ ಸಲ ಹೇಳಿದ್ದಾರೆ.

ಹಾಗಾಗಿ ಶಾಲೆಯ ಮಾರಾಟಕ್ಕೆ ಮನೆಯವರು ಬರಬೇಕು ಎಂದು ನಾನು ಹೇಳುವಾಗ ನನ್ನ ಮನಸ್ಸಿನಲ್ಲಿ ಹಣ ಎರಡನೆಯದು. ಗೇಟು ಮೊದಲನೆಯದು.

ಶಾಲೆಯ ಮೂಲಕ ಮಾರಿ ಹಣ ಕೂಡಿಸುವುದು ನಮಗೆ ಹೊಸತೇನಲ್ಲ. ಇಲ್ಲಿರುವ ಹಿರಿಯರೆಲ್ಲ ಸೆಪ್ಟೆಂಬರ್ 5ರ ಶಿಕ್ಷಕರ ದಿನಾಚರಣೆಗೆ ಪುಟ್ಟ ಧ್ವಜ ಕೊಂಡು ಅಂಗಿಗೆ ಚುಚ್ಚಿಕೊಂಡವರೇ. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನ 1949ರಿಂದ ನಡೆದು ಬಂದಿದೆ. ಕ್ಷಯ ರೋಗ ನಿವಾರಣೆಯ ಚೀಟಿಯೂ ಶಾಲೆಗೆ ಬರುತ್ತಿತ್ತು. ಅದರ ಮೂಲ ಡೆನ್ಮಾರ್ಕಿನಲ್ಲಿ. ಅಲ್ಲಿನ ಒಬ್ಬ ಅಂಚೆ ಗುಮಾಸ್ತ, ಐನಾರ್ ಹೋಲ್ಬೋಲ್ ಎಂಬಾತ, ಕ್ರಿಸ್‌ಮಸ್ ಕಾಗದಗಳ ಮೇಲೆ ಅಂಟಿಸಲು ಒಂದು ಚಿಕ್ಕ ಚೀಟಿ ಮಾರಿದರೆ ಕ್ಷಯ ಬಂದ ಮಕ್ಕಳಿಗೆ ನೆರವಾಗಬಹುದು ಎಂದು ಯೋಚಿಸಿ, 1904ರಲ್ಲಿ ಮಾರಾಟ ಶುರುವಾಯಿತು. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಇವುಗಳಲ್ಲಿ ಮನೆಯ ಪಾತ್ರ ಒಂದೇ, ಚಿಲ್ಲರೆ ಕೊಡುವುದು.

ಮನೆಯವರೇ ಕೈ ಹಾಕಿದ ಉದಾಹರಣೆಯೂ ಇದೆ. ಅಮೆರಿಕದ ಒಕ್ಲಹೋಮ ರಾಜ್ಯದ ಮಸ್ಕೋಗಿ ಎಂಬ ಊರಿನಲ್ಲಿ 1917ರಲ್ಲಿ ಗರ್ಲ್ ಸ್ಕೌಟ್ ಹುಡುಗಿಯರು ಬಿಸ್ಕತ್ತು ಬೇಯಿಸಿ ತಮ್ಮ ಹೈಸ್ಕೂಲಿನಲ್ಲೇ ಮಾರಿದರು. ಆ ಮೊದಲ ವರ್ಷಗಳಲ್ಲಿ ಬಿಸ್ಕತ್ತು ತಯಾರಾಗುತ್ತಿದ್ದುದು ಮನೆಯ ಅಡುಗೆಮನೆಗಳಲ್ಲಿ, ತಾಯಂದಿರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು. ಆಮೇಲೆ ಬಿಸ್ಕತ್ತು ಕಾರ್ಖಾನೆಯಿಂದ ಬರತೊಡಗಿತು, ಮಾರಾಟ ದೇಶಕ್ಕೆಲ್ಲ ಹರಡಿ ದೊಡ್ಡದಾಯಿತು. ನಮಗೆ ಬೇಕಾದದ್ದು ಆ ದೊಡ್ಡ ವ್ಯಾಪಾರವಲ್ಲ, ಮೊದಲಿನ ಅಡುಗೆಮನೆ.

ನಮ್ಮ ನಾಡಿನದೇ ಇನ್ನೊಂದು ಉದಾಹರಣೆ ನಿಮಗೆಲ್ಲ ಗೊತ್ತು. ಮಂಗಳೂರಿನಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು. ವಿದೇಶಿಯರೊಬ್ಬರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದಾಗ ಉತ್ತರ ಹೇಳಲಾಗದೆ ನೊಂದು, ನನ್ನೂರಿನ ಮಕ್ಕಳಿಗೆ ಹೀಗಾಗಬಾರದು ಎಂದು ತಮ್ಮ ನ್ಯೂಪಡ್ಪುವಿನಲ್ಲಿ ಶಾಲೆಗಾಗಿ ದುಡಿದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. 2021ರ ನವೆಂಬರಿನಲ್ಲಿ ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಅದನ್ನು ಸ್ವೀಕರಿಸಿದರು. ಎಲ್ಲರೂ ಹಾಜಬ್ಬನವರಾಗಲು ಸಾಧ್ಯವಿಲ್ಲ. ಆದರೆ ಒಂದನ್ನು ಗಮನಿಸಿ. ಅಲ್ಲಿ ಬುಟ್ಟಿ ಹೊತ್ತವರು ದೊಡ್ಡವರು, ಕೂತು ಓದಿದವರು ಮಕ್ಕಳು. ನನ್ನ ಐದನೇ ಕ್ಲಾಸಿನ ಟಿಕೆಟ್ ಪುಸ್ತಕದಲ್ಲಿ ಇದು ತಿರುಗುಮುರುಗಾಗಿತ್ತು.

ಇನ್ನು ಒಂದು ಗಟ್ಟಿ ಆಕ್ಷೇಪ. ನನ್ನ ಆಫೀಸಿನ ಗೆಳೆಯನೊಬ್ಬ ಕೇಳಿದ: "ಇಷ್ಟೆಲ್ಲ ಒದ್ದಾಟ ಯಾಕೆ? ನಿಮ್ಮ ಬ್ಯಾಚಿನವರು ಇಪ್ಪತ್ತು ಜನ ಐದೈದು ಸಾವಿರ ಹಾಕಿದರೆ ಒಂದು ಲಕ್ಷ ಆಯ್ತಲ್ಲ. ಬೆಲ್ಲ ಹೆಚ್ಚಿಸಿ ಎಷ್ಟು ದುಡಿಯುತ್ತೀರಿ?" ಲೆಕ್ಕದಲ್ಲಿ ಅವನು ಸರಿ. ಹಳೆಯ ವಿದ್ಯಾರ್ಥಿಗಳು ಕೊಡಬೇಕು, ಕೊಡುತ್ತಿದ್ದೇವೆ ಕೂಡ. ಕಟ್ಟಡ, ಶೌಚಾಲಯ, ಮೇಷ್ಟ್ರ ಸಂಬಳ, ಇವು ಸರ್ಕಾರದ ಹೊಣೆ. ಎಳ್ಳುಬೆಲ್ಲ ಮಾರಿ ಆ ಹೊಣೆಯನ್ನು ನಾವು ಹೊತ್ತುಕೊಳ್ಳಬಾರದು, ಹೊರಲೂ ಆಗುವುದಿಲ್ಲ. 2022ರ ಅಕ್ಟೋಬರಿನಲ್ಲಿ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಬಂದು, ವಿರೋಧ ಎದ್ದ ಕೂಡಲೇ ವಾಪಸಾದದ್ದು ನಿಮಗೆ ನೆನಪಿರಬಹುದು. "ಸ್ವಇಚ್ಛೆಯಿಂದ" ಎಂದೇ ಬರೆದಿದ್ದರೂ ಜನ ಒಪ್ಪಲಿಲ್ಲ. ಎಲ್ಲರೆದುರು ಪಟ್ಟಿ ಹಿಡಿದು ಕೇಳಿದರೆ ಕೊಡಲಾಗದವನ ಪಾಲಿಗೆ ಇಚ್ಛೆ ಎಲ್ಲಿ ಉಳಿಯುತ್ತದೆ?

ದೇಣಿಗೆಯಲ್ಲಿ ಕೊಡುವವರು, ಪಡೆಯುವವರು ಎಂದು ಎರಡು ಸಾಲಾಗುತ್ತದೆ. ನಾನು ಐದು ಸಾವಿರ ಕೊಟ್ಟು ಫೋಟೊ ತೆಗೆಸಿಕೊಂಡು ಹೋದರೆ, ಈ ಮಕ್ಕಳ ಅಪ್ಪ ಅಮ್ಮಂದಿರು ಪಡೆಯುವವರ ಸಾಲಿನಲ್ಲೇ ಉಳಿಯುತ್ತಾರೆ. ಬೆಲ್ಲ ಹೆಚ್ಚುವ ಜಾಗದಲ್ಲಿ ಎರಡು ಸಾಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಹೇಳುತ್ತದೆ. ಕಾಗದದಲ್ಲಿ ಜಾಗ ಕೊಟ್ಟರೆ ಸಾಲದು. ಒಮ್ಮೆ ಬಂದು ಕೂತು ಅಭ್ಯಾಸವಾದ ತಾಯಿಯೇ ನಾಳೆ ಸಭೆಯಲ್ಲಿ ಬಾಯಿ ತೆರೆಯುತ್ತಾಳೆ.

ಇದನ್ನು ನಾನು ದೊಡ್ಡ ತಿಳುವಳಿಕೆಯಿಂದ ಹೇಳುತ್ತಿಲ್ಲ, ಎಡವಿ ಕಲಿತು ಹೇಳುತ್ತಿದ್ದೇನೆ. ಹಿಂದೊಮ್ಮೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ಮಾರಾಟ ಮಾಡಿದೆವು. ನಾನು ನನ್ನ ವಿದ್ಯೆ ತೋರಿಸಲು ಹೋದೆ. ಮೊಬೈಲಿನಲ್ಲಿ ಆರ್ಡರ್ ಫಾರ್ಮ್, ಕ್ಯೂಆರ್ ಕೋಡ್, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರಚಾರ. ಸಾಮಾನೆಲ್ಲ ಸಗಟು ಅಂಗಡಿಯಿಂದ. ಮಾರಾಟವೇನೋ ಚೆನ್ನಾಗಿ ಆಯಿತು. ಆದರೆ ಆ ದಿನ ಶಾಲೆಗೆ ಬಂದ ಪೋಷಕರನ್ನು ಬೆರಳಲ್ಲಿ ಎಣಿಸಬಹುದಿತ್ತು. ಎಂಟನೇ ಕ್ಲಾಸಿನ ಹುಡುಗನೊಬ್ಬ ನನ್ನನ್ನು ಕೇಳಿದ, "ಅಣ್ಣಾ, ಇದು ನಿಮ್ಮ ಅಂಗಡಿನಾ?" ಅವನು ತಮಾಷೆಗೆ ಕೇಳಲಿಲ್ಲ. ನನಗೆ ಮಾತ್ರ ಸರಿಯಾಗಿ ತಾಗಿತು.

ಆಮೇಲೆ ನಾಲ್ಕು ಮನೆಗೆ ಹೋಗಿ ಯಾಕೆ ಬರಲಿಲ್ಲ ಎಂದು ಕೇಳಿದೆವು. ಕಾರಣ ಸರಳ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಟ್ಟಿದ್ದೆವು. ಗಾರ್ಮೆಂಟ್ಸ್‌ಗೆ ಹೋಗುವ ತಾಯಂದಿರಿಗೆ ಶನಿವಾರ ರಜೆ ಇಲ್ಲ. ಚೀಟಿಯಲ್ಲಿ "ಸಹಕರಿಸಬೇಕಾಗಿ ವಿನಂತಿ" ಎಂದು ಬರೆದಿದ್ದೆವು. ಅದನ್ನು ಓದಿದವರು ಹಣ ಕೇಳುತ್ತಿದ್ದಾರೆ ಎಂದುಕೊಂಡರು. ಒಬ್ಬ ಅಜ್ಜಿ ಹೇಳಿದರು, "ಮೊಬೈಲಲ್ಲಿ ಕರೆದ್ರೆ ನಂಗೇನು ಗೊತ್ತಾಗುತ್ತಪ್ಪ? ಮಗು ಕೈಲಿ ಹೇಳಿ ಕಳಿಸಿದ್ರೆ ಕೊಬ್ಬರಿ ಹೆರೆದು ಕೊಡ್ತಿದ್ದೆ." ಕೆಲಸ ಬಲ್ಲ ಕೈಗಳು ಪಕ್ಕದ ರಸ್ತೆಯಲ್ಲೇ ಇದ್ದವು. ನಾವು ಸಗಟು ಅಂಗಡಿಗೆ ಹೋಗಿದ್ದೆವು.

ಅದಕ್ಕೇ ಈ ಸಲ ಎಳ್ಳುಬೆಲ್ಲ ಆರಿಸಿಕೊಂಡಿದ್ದೇವೆ. ಇದು ಒಬ್ಬರಿಂದ ಆಗುವ ಕೆಲಸವೇ ಅಲ್ಲ. ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆಯಬೇಕು, ಸಣ್ಣಗೆ ಹೆಚ್ಚಬೇಕು. ಅಚ್ಚು ಬೆಲ್ಲವನ್ನೂ ಹಾಗೆಯೇ ಹೆಚ್ಚಬೇಕು. ಎರಡನ್ನೂ ಎರಡು ಮೂರು ದಿನ ಬಿಸಿಲಿಗೆ ಒಣಗಿಸದಿದ್ದರೆ ಪೊಟ್ಟಣದಲ್ಲಿ ಅಂಟಿಕೊಳ್ಳುತ್ತದೆ. ಕಡಲೆಕಾಯಿ ಬೀಜ ಹುರಿದು, ಸಿಪ್ಪೆ ಉಜ್ಜಿ, ಹೋಳು ಮಾಡಬೇಕು. ಎಳ್ಳನ್ನು ಹದವಾಗಿ ಹುರಿಯಬೇಕು, ಹುರಿಗಡಲೆ ಸೇರಿಸಬೇಕು. ಅಜ್ಜಿಗೊಂದು ಕೆಲಸ, ಅಪ್ಪನಿಗೊಂದು, ಮಗುವಿಗೊಂದು. ಸಂಕ್ರಾಂತಿ ನಮ್ಮ ಮನೆಯ ಹಬ್ಬವಲ್ಲ ಎನ್ನುವವರಿಗೂ ಇದರಲ್ಲಿ ಪಾಲುಂಟು, ಬಟ್ಟೆ ಚೀಲ ಎಲ್ಲರದು. 2016ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲ ನಿಷೇಧಿಸಿದ ಮೇಲೂ ಬಟ್ಟೆ ಚೀಲ ಮರೆತು ಮಾರ್ಕೆಟ್ಟಿಗೆ ಹೋಗುವವರು ನಾವೆಲ್ಲ. ಹೊಲಿಗೆ ಬಲ್ಲ ತಾಯಂದಿರು ನಮ್ಮಲ್ಲಿ ಎಷ್ಟು ಜನ ಇದ್ದಾರೆ ಎಂದು ನಾನು ಹೇಳಬೇಕಾಗಿಲ್ಲ.

ಈಗ ಲೆಕ್ಕ. ಉದಾಹರಣೆಗೆ ಹೀಗಿಟ್ಟುಕೊಳ್ಳಿ, ಆ ದಿನದ ಬೆಲೆ ನೋಡಿ ತಿದ್ದಿಕೊಳ್ಳೋಣ. ಕಾಲು ಕೆಜಿಯ 200 ಪೊಟ್ಟಣ, ಅಂದರೆ 50 ಕೆಜಿ. ಸಾಮಾನು, ಕವರು ಸೇರಿ ಪೊಟ್ಟಣಕ್ಕೆ 45 ರೂಪಾಯಿ ಬಿದ್ದರೆ ಒಟ್ಟು ಖರ್ಚು 9,000. ಮಾರುವ ಬೆಲೆ 80 ಆದರೆ ಎಲ್ಲ ಹೋದಾಗ 16,000. ಉಳಿತಾಯ 7,000. ಇಪ್ಪತ್ತು ಪೊಟ್ಟಣ ಉಳಿದುಹೋದರೆ 5,400. ಹಾಕಿದ ಹಣ ವಾಪಸ್ ಬರುವುದು 113ನೇ ಪೊಟ್ಟಣಕ್ಕೆ. ಅಲ್ಲಿಯವರೆಗೆ ಲಾಭದ ಮಾತು ಬೇಡ. ಮಕ್ಕಳೇ, ಈ 113 ಹೇಗೆ ಬಂತು ಎಂದು ನಾಳೆ ನಿಮ್ಮ ಗಣಿತದ ಕ್ಲಾಸಿನಲ್ಲಿ ಕೇಳುತ್ತಾರೆ, ಮನೆಯಲ್ಲಿ ಅಮ್ಮನ ಹತ್ತಿರ ಮಾಡಿಸಿಕೊಂಡು ಬನ್ನಿ.

ಇನ್ನು ನಾವು ಒಪ್ಪಿಕೊಂಡಿರುವ ಕೆಲವು ನಿಯಮಗಳನ್ನು ಎಲ್ಲರೆದುರು ಹೇಳಿಬಿಡುತ್ತೇನೆ. ತಪ್ಪಿದರೆ ನೀವು ನಮ್ಮನ್ನು ಕೇಳಬಹುದು.

ಮೊದಲನೆಯದು, ಯಾವ ಮಗುವಿಗೂ ಇಷ್ಟು ಮಾರಲೇಬೇಕು ಎಂಬ ಗುರಿ ಇಲ್ಲ. ಯಾರು ಎಷ್ಟು ಮಾರಿದರು ಎಂದು ತರಗತಿಯಲ್ಲಿ ಹೆಸರು ಓದುವುದಿಲ್ಲ. ಮಾರದೆ ಉಳಿದದ್ದನ್ನು ಮನೆಯವರು ಕೊಳ್ಳಬೇಕಾಗಿಲ್ಲ. ಅದು ಸಮಿತಿಗೆ ವಾಪಸ್ ಬರುತ್ತದೆ, ನಷ್ಟ ಆದರೆ ಹಳೆಯ ವಿದ್ಯಾರ್ಥಿಗಳದು.

ಎರಡನೆಯದು, ಬಂಡವಾಳ ನಾವು ಹಾಕುತ್ತೇವೆ. ನಿಮ್ಮ ಮನೆಯ ಕೊಬ್ಬರಿ, ಬೆಲ್ಲ ತರಬೇಡಿ. ಕೈ ತನ್ನಿ, ಸಾಧ್ಯವಾದರೆ ಈಳಿಗೆಮಣೆ ತನ್ನಿ.

ಮೂರನೆಯದು, ಮಕ್ಕಳು ಒಂಟಿಯಾಗಿ ಅಪರಿಚಿತರ ಬಾಗಿಲಿಗೆ ಹೋಗುವಂತಿಲ್ಲ. 2015ರ ನವೆಂಬರಿನಲ್ಲಿ ಮೆಟ್ರೊ ಬಂದ ಮೇಲೆ ನಮ್ಮ ಅತ್ತಿಗುಪ್ಪೆ ನಿಲ್ದಾಣದಲ್ಲಿ ಹತ್ತಿ ಇಳಿಯುವವರು ಬಹಳ. ಅಲ್ಲಿ ನಿಂತರೆ ಬೇಗ ಮಾರಾಟ ಆಗುತ್ತದೆ ಎಂದು ಆಸೆ ಬರುತ್ತದೆ. ಬೇಡ. ನಿಲ್ದಾಣದಲ್ಲಾಗಲಿ ಸಿಗ್ನಲ್ಲಿನಲ್ಲಾಗಲಿ ನಮ್ಮ ಮಕ್ಕಳು ನಿಲ್ಲುವುದಿಲ್ಲ. ಮಾರಾಟ ಶಾಲೆಯ ಅಂಗಳದಲ್ಲಿ, ದೊಡ್ಡವರ ಜೊತೆಯಲ್ಲಿ. ಬೇಕಾದವರು ಇಲ್ಲಿಗೆ ಬರಲಿ.

ನಾಲ್ಕನೆಯದು, ಹೆಚ್ಚುವ ಕೆಲಸ ಭಾನುವಾರ ಮಧ್ಯಾಹ್ನ. ಪೂರ್ತಿ ಹೊತ್ತು ಇರಬೇಕಾಗಿಲ್ಲ, ಒಂದು ಗಂಟೆ ಸಾಕು. ಚಿಕ್ಕ ಮಕ್ಕಳನ್ನು ಕರೆತನ್ನಿ, ನೋಡಿಕೊಳ್ಳಲು ನಮ್ಮ ಗೆಳತಿಯರಿದ್ದಾರೆ. ಬರಲಾಗದವರು ಮನೆಯಲ್ಲೇ ಹೊಲಿದುಕೊಡಬಹುದು.

ಐದನೆಯದು, ತಿನ್ನುವ ಪದಾರ್ಥವಾದ್ದರಿಂದ ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ ಕೂರೋಣ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕ ಬರೆಯೋಣ, ಎಳ್ಳು ಮತ್ತು ಕಡಲೆಕಾಯಿ ಬೀಜ ಇದೆ ಎಂದೂ ಬರೆಯೋಣ. ಕೆಲವರಿಗೆ ಅವು ಒಗ್ಗುವುದಿಲ್ಲ.

ಆರನೆಯದು, ಲೆಕ್ಕ. ಖರ್ಚು, ಮಾರಾಟ, ಉಳಿತಾಯ ಮೂರನ್ನೂ ಮಾರನೆಯ ದಿನ ಗೇಟಿನ ಪಕ್ಕದ ಕಪ್ಪು ಹಲಗೆಯ ಮೇಲೆ ಬರೆಯುತ್ತೇವೆ. ಮೂರು ಸಹಿ ಇರುತ್ತದೆ: ಒಬ್ಬ ಶಿಕ್ಷಕರದು, ಒಬ್ಬ ಹಳೆಯ ವಿದ್ಯಾರ್ಥಿಯದು, ಒಬ್ಬ ತಾಯಿಯದು. ಸಹಿ ಬಾರದಿದ್ದರೆ ಹೆಬ್ಬೆಟ್ಟು. ಲೆಕ್ಕ ಬಂದರೆ ಸಾಕು, ಅದು ಅವರಿಗೆ ಚೆನ್ನಾಗಿ ಬರುತ್ತದೆ.

ಗುರುಗಳಲ್ಲಿ ಒಂದು ಕೋರಿಕೆ. ಮನೆಯವರು ಬಂದಾಗ ದಯವಿಟ್ಟು ಮಗುವಿನ ಅಂಕದ ದೂರು ಆ ದಿನ ತೆಗೆಯಬೇಡಿ. ಅದಕ್ಕೆ ಬೇರೆ ದಿನ ಇದೆ. ಅವರ ಕೈ ಏನು ಬಲ್ಲದು ಎಂದು ಆ ಒಂದು ದಿನ ಕೇಳಿ. ನಮ್ಮ ಮೇಷ್ಟ್ರು ಕೇಳಿದ ಒಂದು ಪ್ರಶ್ನೆ ನಮ್ಮ ಮನೆಯ ದಾರಿ ಬದಲಿಸಿತು.

ಮಕ್ಕಳಿಗೂ ಒಂದು ಮಾತು. ಅಪ್ಪ ಯಾವ ಕೆಲಸ ಮಾಡುತ್ತಾರೆ, ಅಮ್ಮನ ಸೀರೆ ಹೇಗಿದೆ, ಇಂಗ್ಲಿಷ್ ಬರುತ್ತದೋ ಇಲ್ಲವೋ ಎಂದು ನಾಚಿಕೊಂಡು ಚೀಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಳ್ಳಬೇಡಿ. ನಾನು ಒಮ್ಮೆ ಅಕ್ಕಿ ಡಬ್ಬದ ಹಿಂದೆ ಇಟ್ಟೆ. ಅವತ್ತು ಬಚ್ಚಿಟ್ಟದ್ದು ಟಿಕೆಟ್ಟನ್ನಲ್ಲ, ನಮ್ಮ ಮನೆಯನ್ನು. ಆ ನಾಚಿಕೆ ಈಗ ನನ್ನ ಮೇಲೆ ನನಗೇ.

ನಿನ್ನೆ ರಾತ್ರಿ ಈ ಹಾಳೆಗಳನ್ನು ಬರೆಯುತ್ತಾ ಕೂತಿದ್ದೆ. ಅಮ್ಮ ಬಂದು ಏನು ಬರೀತಿದ್ದೀಯ ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಭಾಷಣ ನೀನು ಮಾಡು, ಬೆಲ್ಲ ಹೆಚ್ಚೋಕೆ ನಾನು ಬರ್ತೀನಿ. ನಿಮಗೆ ಸಣ್ಣಗೆ ಹೆಚ್ಚೋಕೆ ಬರಲ್ಲ" ಎಂದರು. ಊದುಬತ್ತಿ ಬಿಟ್ಟು ಎಷ್ಟೋ ವರ್ಷವಾಯಿತು, ಅವರ ಕೈ ಈಗ ಕಪ್ಪಿಲ್ಲ. ಆದರೂ ಬರುವ ಮುಂಚೆ ಎರಡು ಸಲ ತೊಳೆದುಕೊಳ್ಳುತ್ತಾರೆ, ನನಗೆ ಗೊತ್ತು.

ಸಭಾಂಗಣದ ಹಿಂದಿನ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಅದರಲ್ಲಿ ಮೂರು ಕಾಲಂ ಇವೆ: ಮನೆಯವರ ಹೆಸರು, ಬಲ್ಲ ಕೆಲಸ, ಬರಬಹುದಾದ ಸಮಯ. ಹಣದ ಕಾಲಂ ಇಲ್ಲ. ಹೋಗುವ ಮುಂಚೆ ದಯವಿಟ್ಟು ಬರೆಸಿ ಹೋಗಿ. ಮೊದಲ ಸಾಲಿನಲ್ಲಿ ನಮ್ಮಮ್ಮನ ಹೆಸರಿದೆ, ಪಕ್ಕದಲ್ಲಿ "ಬೆಲ್ಲ ಹೆಚ್ಚುವುದು, ಲೆಕ್ಕ" ಎಂದು ಬರೆಸಿದ್ದಾರೆ. ಕೆಳಗಿನ ಸಾಲುಗಳು ಖಾಲಿ ಇವೆ.

ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತಾಡೋಣ ಎನ್ನುತ್ತಾರೆ ಹಿರಿಯರು. ಈ ಸಲ ಅದನ್ನು ಒಟ್ಟಿಗೆ ಕೂತು ಮಾಡುತ್ತಲೇ ಆಡೋಣ. 

ಜೈ ಹಿಂದ್, ಜೈ ಕರ್ನಾಟಕ.